ಟೈಟೇನಿಯಂ ಡಿಫ್ಯೂಷನ್ ಬಾಂಡಿಂಗ್: ಮೇಲ್ಮೈ ಹೀಗೆ ತಯಾರಿಸಿ

ಡಿಫ್ಯೂಷನ್ ಬಾಂಡಿಂಗ್ ಅಂದರೆ ಎರಡು ಲೋಹದ ತುಂಡುಗಳನ್ನು ಕರಗಿಸದೆ, ಬಿಸಿ ಮಾಡಿ ಒತ್ತಿ ಒಂದಾಗಿಸುವುದು. ಡ್ರಾಯಿಂಗ್‌ನಲ್ಲಿ 'ಆರ್‌ಎ 0.4 ಮೈಕ್ರಾನ್' (ಆರ್‌ಎ ಅಂದರೆ ಮೇಲ್ಮೈಯ ಸರಾಸರಿ ಒರಟುತನ) ಅಂತ ಕಂಡರೆ ಸಾಕು, ಹೊಸಬರು ಜಾಬಿಗೆ, ಅಂದರೆ ಕೆಲಸದ ತುಂಡಿಗೆ, ಹೊಳಪು ಕೊಡಲು ಶುರು ಮಾಡುತ್ತಾರೆ. ನಮ್ಮ ಲ್ಯಾಬಿಗೆ ಬರುವವರಿಗೆ ನಾನು ಮೊದಲು ಹೇಳುವುದು ಒಂದೇ: ಹೊಳಪು ಬಿಡಿ, ತಗ್ಗುಗಳ ಅಗಲ ನೋಡಿ.

ಇಲ್ಲಿ ಹೇಳುತ್ತಿರುವುದು ಗ್ರೇಡ್ 5 ಟೈಟೇನಿಯಂ ಬಗ್ಗೆ. ಅದರಲ್ಲಿ ಸುಮಾರು 6% ಅಲ್ಯೂಮಿನಿಯಂ, 4% ವೆನೇಡಿಯಂ ಇರುತ್ತದೆ. ವ್ಯಾಕ್ಯೂಮ್ ಫರ್ನೇಸ್‌ನಲ್ಲಿ 900ರಿಂದ 950 ಡಿಗ್ರಿ ಸೆಲ್ಸಿಯಸ್, ಕೆಲವೇ ಮೆಗಾಪ್ಯಾಸ್ಕಲ್ ಒತ್ತಡ, ಒಂದೆರಡು ಗಂಟೆ ಅಥವಾ ಇನ್ನೂ ಜಾಸ್ತಿ. ಲೋಹ ಕರಗುವುದೇ ಇಲ್ಲ. ಸುಮಾರು 995 ಡಿಗ್ರಿ ದಾಟಿಸಬೇಡಿ, ಒಳಗಿನ ಗ್ರೇನ್‌ಗಳು (ಲೋಹದ ಪುಟ್ಟ ಹರಳುಗಳು) ದಪ್ಪವಾಗಿಬಿಡುತ್ತವೆ.

ಎರಡು ತುಂಡು ಒತ್ತಿದಾಗ ಮೊದಲು ತಾಗುವುದು ದಿಬ್ಬಗಳ ತುದಿ ಮಾತ್ರ. ಬಿಸಿಯಲ್ಲಿ ಅವು ಚಪ್ಪಟೆಯಾಗುತ್ತವೆ. ಆಮೇಲೂ ನಡುವೆ ಸಂದುಗಳು ಉಳಿಯುತ್ತವೆ. ಅವನ್ನು ಮುಚ್ಚಲು ಪರಮಾಣುಗಳೇ ಸರಿದು ಬರಬೇಕು. ಸಂದಿನ ಅಗಲ ಎರಡು ಪಟ್ಟಾದರೆ ಈ ಕೆಲಸಕ್ಕೆ ಬೇಕಾದ ಸಮಯ ಎಂಟು ಪಟ್ಟು, ಕೆಲವು ಸಲ ಹದಿನಾರು ಪಟ್ಟು ಆಗುತ್ತದೆ. ಈಗ ಎರಡು ಜಾಬ್ ಇಟ್ಟುಕೊಳ್ಳಿ, ಎರಡಕ್ಕೂ ಆರ್‌ಎ 0.8. ಒಂದು ಗ್ರೈಂಡ್ ಮಾಡಿದ್ದು, ಗೆರೆಗಳ ಅಂತರ 20 ಮೈಕ್ರಾನ್. ಇನ್ನೊಂದು ಮಿಲ್ಲಿಂಗ್‌ನದು, ಅಂತರ 200 ಮೈಕ್ರಾನ್. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಫರ್ನೇಸ್‌ನಲ್ಲಿ ಮಾತ್ರ ಎರಡರ ನಡವಳಿಕೆ ಬೇರೆ ಬೇರೆ. ಹಾಗಾಗಿ ಬರೀ ಆರ್‌ಎ ನಂಬಿ ಜಾಬ್ ಪಾಸ್ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಸರ್ಫೇಸ್ ಗ್ರೈಂಡಿಂಗ್. ಕೂಲೆಂಟ್ ಧಾರಾಳವಾಗಿ ಇರಲಿ, ಕಟ್ ತೆಳ್ಳಗಿರಲಿ. ಟೈಟೇನಿಯಂ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ, ಮೇಲ್ಮೈ ಸುಟ್ಟುಹೋಗುತ್ತದೆ. ಆಮೇಲೆ ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು ಉಜ್ಜಿ: ಮೊದಲು ಪಿ400, ಆಮೇಲೆ ಪಿ800, ಪಿ1200 (ಅಂಕಿ ಏರಿದಂತೆ ಪೇಪರ್ ನಯ). ಒಣಗಿಸಿ ಉಜ್ಜಬೇಡಿ, ಟೈಟೇನಿಯಂ ಪುಡಿಗೆ ಬೆಂಕಿ ಹತ್ತುತ್ತದೆ. ಪೇಪರ್ ಬದಲಿಸಿದಾಗಲೆಲ್ಲ ಜಾಬನ್ನು 90 ಡಿಗ್ರಿ ತಿರುಗಿಸಿ, ಹಳೇ ಗೆರೆ ಪೂರ್ತಿ ಹೋಗುವ ತನಕ ಉಜ್ಜಿ. ಪೇಪರನ್ನು ಬೆರಳಲ್ಲಿ ಹಿಡಿದು ಉಜ್ಜಿದರೆ ಅಂಚು ಇಳಿಯುತ್ತದೆ. ನಾನು ಪಿ1200ಕ್ಕೆ ನಿಲ್ಲಿಸುತ್ತೇನೆ. ಬಫಿಂಗ್ ಚಕ್ರ ಬೇಡವೇ ಬೇಡ: ಅಂಚು ಉರುಟಾಗುತ್ತದೆ, ಪಾಲಿಶ್ ಪೇಸ್ಟ್‌ನ ಕಣಗಳು ಲೋಹದಲ್ಲಿ ಹೂತು ಕೂರುತ್ತವೆ. ಜೋಡಿಸುವಾಗ ಒಂದರ ಗೆರೆ ಇನ್ನೊಂದಕ್ಕೆ ಅಡ್ಡ ಬರಲಿ. ಒಂದೇ ದಿಕ್ಕಿಗೆ ಇಟ್ಟರೆ ಉದ್ದುದ್ದ ಸುರಂಗಗಳು ಉಳಿಯಬಹುದು.

ಅಳೆಯುವಾಗ ಗೆರೆಗಳಿಗೆ ಅಡ್ಡವಾಗಿ ಅಳೆಯಿರಿ. ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ತಪ್ಪಿಹೋಗುತ್ತದೆ. ರಫ್‌ನೆಸ್ ಟೆಸ್ಟರ್‌ನಲ್ಲಿ ಕಟ್-ಆಫ್ 0.8 ಮಿ.ಮೀ. ಇಟ್ಟರೆ, ಅದಕ್ಕಿಂತ ಉದ್ದದ ಏರಿಳಿತವನ್ನು ಮೆಷಿನ್ ಲೆಕ್ಕದಿಂದಲೇ ತೆಗೆದುಹಾಕುತ್ತದೆ. ನಮಗೆ ತೊಂದರೆ ಕೊಡುವುದೇ ಆ ಏರಿಳಿತ, ಅಲ್ವಾ? ಫಿಲ್ಟರ್ ಇಲ್ಲದ ಪ್ರೊಫೈಲನ್ನೂ ತೆಗೆಸಿ ನೋಡಿ.

ಇನ್ನು ತೊಳೆಯುವುದು. ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಅಸಿಟೋನ್, ಆಮೇಲೆ ನೈಟ್ರಿಕ್-ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಚುಟುಕು ಸ್ನಾನ. ನೈಟ್ರಿಕ್ ಹೈಡ್ರೋಫ್ಲೋರಿಕ್‌ನ ಹತ್ತು ಪಟ್ಟು ಇರಲಿ, ಕಡಿಮೆಯಾದರೆ ಲೋಹ ಹೈಡ್ರೋಜನ್ ಹೀರುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಮೈ ಮತ್ತೆ ಒರಟಾಗುತ್ತದೆ. ಹೈಡ್ರೋಫ್ಲೋರಿಕ್ ಚರ್ಮ ದಾಟಿ ಮೂಳೆವರೆಗೂ ಹೋಗುವ ಆಸಿಡ್. ಫ್ಯೂಮ್ ಹುಡ್, ಸರಿಯಾದ ಗ್ಲೌಸ್, ಕೈಗೆಟುಕುವ ಹಾಗೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ (ಈ ಆಸಿಡ್ ತಾಗಿದರೆ ಹಚ್ಚುವ ಮದ್ದು) ಇಲ್ಲದೆ ಬಾಟಲಿ ತೆಗೆಯಬೇಡಿ. ಕೊನೆಗೆ ಶುದ್ಧ ನೀರಲ್ಲಿ ತೊಳೆದು ಒಣಗಿಸಿ, ಬರಿಗೈಯಲ್ಲಿ ಮುಟ್ಟದೆ ಬೇಗ ಫರ್ನೇಸಿಗೆ ಹಾಕಿ.

ಇದನ್ನೇ ಅಲ್ಯೂಮಿನಿಯಂಗೆ ಹಚ್ಚಬೇಡಿ. ಟೈಟೇನಿಯಂನ ಆಕ್ಸೈಡ್ ಪದರ ಆ ಬಿಸಿಯಲ್ಲಿ ಲೋಹದೊಳಗೇ ಕರಗಿಹೋಗುತ್ತದೆ. ಅಲ್ಯೂಮಿನಿಯಂನದು ಕರಗುವುದಿಲ್ಲ, ಅದನ್ನು ಒಡೆಯಬೇಕು. ಅಲ್ಲಿ ಸ್ವಲ್ಪ ಒರಟಿದ್ದರೆ ದಿಬ್ಬಗಳು ಜಜ್ಜಿಹೋಗುವಾಗ ಪದರವೂ ಒಡೆಯುತ್ತದೆ.

ಬಾಂಡ್ ಆದ ಮೇಲೆ ಒಂದು ಟೆಸ್ಟ್ ಪೀಸ್ ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡಿ. ಎಚಿಂಗ್‌ಗೆ (ಗ್ರೇನ್ ಕಾಣಲು ಆಸಿಡ್ ಹಚ್ಚುವುದು) ಮುಂಚೆಯೇ ಒಮ್ಮೆ ನೋಡಿ, ಎಚಿಂಗ್ ಸಣ್ಣ ತೂತನ್ನೂ ದೊಡ್ಡದು ಮಾಡುತ್ತದೆ. ಎಳೆದು ನೋಡುವ ಟೆನ್ಸೈಲ್ ಟೆಸ್ಟ್ ಪಾಸಾಯಿತು ಅಂತ ಸುಮ್ನೆ ಕೂರಬೇಡಿ. ಕೆಲವೇ ತೂತುಗಳಿದ್ದರೂ ಇಂಪ್ಯಾಕ್ಟ್ (ಹೊಡೆತ ತಡೆಯುವ) ಮತ್ತು ಫಟೀಗ್ (ಮತ್ತೆ ಮತ್ತೆ ಬೀಳುವ ಭಾರ ತಡೆಯುವ) ಬಲ ಕುಸಿಯುತ್ತದೆ. ಉದ್ದನೆಯ ತೆಳು ಸಂದು ಕಂಡರೆ ಗ್ರೈಂಡಿಂಗ್‌ಗೆ ವಾಪಸ್ ಹೋಗಿ. ಸಾಲಾಗಿ ಪುಟ್ಟ ದುಂಡು ತೂತುಗಳಿದ್ದರೆ ಸಮಯವನ್ನೋ ಒತ್ತಡವನ್ನೋ ಸ್ವಲ್ಪ ಏರಿಸಿ. ತೂತೇ ಇಲ್ಲದಿದ್ದರೂ ಎಚಿಂಗ್ ಆದ ಮೇಲೆ ಜೋಡಣೆ ನೇರ ಗೆರೆಯಾಗಿ ಕಂಡರೆ ಗ್ರೇನ್‌ಗಳು ಇನ್ನೂ ಆ ಗೆರೆ ದಾಟಿಲ್ಲ. ಆಗ ಮೊದಲು ತೊಳೆದ ವಿಧಾನವನ್ನು ಪರೀಕ್ಷಿಸಿ, ಆಮೇಲೆ ಫರ್ನೇಸ್ ಸಮಯವನ್ನು.