ಅಮ್ಮ ಒಬ್ಬರೇ ವಿಮಾನ ಹತ್ತುವಾಗ: ದೇವನಹಳ್ಳಿಯಿಂದ ಅಮೆರಿಕಕ್ಕೆ ದಾರಿ ಹೊಂದಿಸುವುದು ಹೇಗೆ?

ತಿಪಟೂರಿನ ನಮ್ಮ ದೊಡ್ಡಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟಾಗ ಅವರ ಕೈಯಲ್ಲಿ ಎರಡು ಟಿಕೆಟ್ ಇದ್ದವು. ಬೆಂಗಳೂರಿನಿಂದ ಕೊಲ್ಲಿಯ ಒಂದು ಊರಿಗೆ ಒಂದು ಕಂಪನಿಯದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಕಂಪನಿಯದು. ಹೀಗೆ ಬಿಡಿಬಿಡಿಯಾಗಿ ತಗೊಂಡರೆ ಹನ್ನೊಂದು ಸಾವಿರ ರೂಪಾಯಿ ಉಳಿಯುತ್ತದೆ ಎಂದು ಮಗ ಲೆಕ್ಕ ಹಾಕಿದ್ದ. ಮೊದಲ ವಿಮಾನ ಎರಡು ಗಂಟೆ ತಡವಾಯಿತು. ಎರಡನೆಯದು ಹೊರಟುಹೋಯಿತು. ‘ನಿಮ್ಮನ್ನು ಇಲ್ಲಿಗೆ ತಲುಪಿಸಿದ್ದೇವಲ್ಲ’ ಎಂದರು ಮೊದಲಿನವರು. ‘ನೀವು ಹೊತ್ತಿಗೆ ಬರಲಿಲ್ಲವಲ್ಲ’ ಎಂದರು ಎರಡನೆಯವರು. ನಿಯಮ ನೋಡಿದರೆ ಇಬ್ಬರದೂ ಸರಿಯೇ. ಇಂಗ್ಲಿಷ್ ಬಾರದ 68 ವರ್ಷದ ಹೆಂಗಸು ಹದಿನಾರು ಗಂಟೆ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಡಬ್ಬಿಯ ಚಪಾತಿ ಮುಗಿಯಿತು. ಆ ಊರಿನ ದುಡ್ಡು ಯಾವುದು, ಯಾರನ್ನು ಕೇಳಬೇಕು ಎಂದು ತಿಳಿಯದೆ ನಲ್ಲಿ ನೀರು ಕುಡಿದುಕೊಂಡೇ ಇದ್ದರು.

ಅವತ್ತಿನಿಂದ ನಮ್ಮ ಬಳಗದಲ್ಲಿ ಯಾರು ಹೊರಟರೂ ಟಿಕೆಟ್ ನೋಡುವ ಕೆಲಸ ನಾನೇ ಕೇಳಿ ತಗೊಳ್ಳುತ್ತೇನೆ. ಎಲ್ಲರೂ ಎಡವುವುದು ಒಂದೇ ಕಡೆ. ದೇವನಹಳ್ಳಿಗೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಹತ್ತು ಜನರನ್ನು ವಿಚಾರಿಸುತ್ತಾರೆ. ನಡುವೆ ವಿಮಾನ ಬದಲಿಸುವ ಊರಿನ ಬಗ್ಗೆ ಯಾರೂ ಕೇಳುವುದಿಲ್ಲ.

ಹೆಜ್ಜೆ 1: ಕಾಗದಪತ್ರ

ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಲಿ. ಅದರಲ್ಲಿರುವ ಹೆಸರೇ ಒಂದಕ್ಷರ ತಪ್ಪದೆ ಟಿಕೆಟ್‌ನಲ್ಲೂ ಬರಲಿ. ಅಷ್ಟೇ.

ಹೆಜ್ಜೆ 2: ನಡುವಿನ ಊರು ಆರಿಸುವುದು

ಇಲ್ಲಿ ಒಂದು ವಾರ ಬೇಕಾದರೂ ಕಳೆಯಿರಿ, ನಷ್ಟವಿಲ್ಲ. 2008ರ ಮೇ ತಿಂಗಳಲ್ಲಿ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಬಂದ ನಮ್ಮ ವಿಮಾನ ನಿಲ್ದಾಣದಿಂದ ಈಗ ಪಶ್ಚಿಮಕ್ಕೆ ಬೇಕಾದಷ್ಟು ದಾರಿಗಳಿವೆ. ಎಮಿರೇಟ್ಸ್ ದುಬೈಗೆ, ಕತಾರ್ ಏರ್‌ವೇಸ್ ದೋಹಾಕ್ಕೆ, ಎತಿಹಾದ್ ಅಬುಧಾಬಿಗೆ ಹೋಗುತ್ತವೆ. ಲುಫ್ತಾನ್ಸಾ ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ಗೆ, ಏರ್ ಫ್ರಾನ್ಸ್ ಪ್ಯಾರಿಸ್‌ಗೆ, ಕೆಎಲ್‌ಎಂ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುತ್ತವೆ. ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್ ಎರಡೂ ಲಂಡನ್ನಿನ ಹೀಥ್ರೂಗೆ. ಆಸ್ಟ್ರೇಲಿಯಾದ ಮಕ್ಕಳಿಗೆ ಈ ತಲೆನೋವೇ ಇಲ್ಲ, 2022ರಿಂದ ಕ್ವಾಂಟಾಸ್ ನೇರವಾಗಿ ಸಿಡ್ನಿಗೆ ಹಾರುತ್ತಿದೆ. ಅಮೆರಿಕದವರು ಮಾತ್ರ ಕೂತು ಯೋಚಿಸಬೇಕು.

ಮೊದಲನೆಯದು, ಇಡೀ ಪಯಣಕ್ಕೆ ಒಂದೇ ಟಿಕೆಟ್. ಇದರಲ್ಲಿ ರಾಜಿ ಬೇಡವೇ ಬೇಡ. ಕಡಿಮೆ ದರ ತೋರಿಸುವ ಕೆಲವು ವೆಬ್‌ಸೈಟ್‌ಗಳು ಎರಡು ಬೇರೆ ಟಿಕೆಟ್‌ಗಳನ್ನು ಒಂದರಂತೆ ಜೋಡಿಸಿ ಮಾರುತ್ತವೆ. ಎಲ್ಲೋ ಸಣ್ಣ ಅಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಇರುತ್ತದೆ. ಅದು ಕಂಡರೆ ಆ ಪುಟ ಮುಚ್ಚಿಬಿಡಿ. ಟಿಕೆಟ್ ಬಂದ ಮೇಲೆ ಪಿಎನ್‌ಆರ್ ನೋಡಿ ಸುಮ್ಮನಾಗಬೇಡಿ. ಎರಡು ಕಂಪನಿಗಳು ಸೇರಿ ಓಡಿಸುವ ದಾರಿಯಾದರೆ ಪಿಎನ್‌ಆರ್ ಎರಡು ಇರಬಹುದು, ಅದು ತಪ್ಪಲ್ಲ. 13 ಅಂಕಿಯ ಇ-ಟಿಕೆಟ್ ಸಂಖ್ಯೆ ನೋಡಿ. ಎಲ್ಲ ವಿಮಾನಗಳೂ ಅದೇ ಸಂಖ್ಯೆಯಡಿ ಬಂದಿದ್ದರೆ ಟಿಕೆಟ್ ಒಂದೇ. ಆಗ ಬ್ಯಾಗಿಗೆ ದೇವನಹಳ್ಳಿಯಲ್ಲೇ ಕೊನೆಯ ಊರಿನ ಚೀಟಿ ಅಂಟಿಸುತ್ತಾರೆ, ಬೋರ್ಡಿಂಗ್ ಪಾಸ್‌ಗಳನ್ನೂ ಸಾಮಾನ್ಯವಾಗಿ ಅಲ್ಲೇ ಕೊಡುತ್ತಾರೆ. ವಿಮಾನ ತಪ್ಪಿದರೆ ಮುಂದಕ್ಕೆ ಕಳಿಸುವ ಹೊಣೆ ಕಂಪನಿಯದು. 2025ರ ಜೂನ್ 23ರ ಸಂಜೆ ಕತಾರ್ ತನ್ನ ಆಕಾಶವನ್ನೇ ಮುಚ್ಚಿತಲ್ಲ, ಅಂಥ ದಿನ ಬಿಡಿ ಟಿಕೆಟ್ ಹಿಡಿದವರ ಪಾಡು ಯಾರಿಗೂ ಬೇಡ.

ಎರಡನೆಯದು, ಯುರೋಪಿನಲ್ಲಿ ಎರಡು ಸಲ ಇಳಿಸಬೇಡಿ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಬೆಂಗಳೂರು–ಪ್ಯಾರಿಸ್–ಆಮ್‌ಸ್ಟರ್‌ಡ್ಯಾಮ್–ಅಮೆರಿಕ ಅಥವಾ ಬೆಂಗಳೂರು–ಮ್ಯೂನಿಕ್–ಫ್ರಾಂಕ್‌ಫರ್ಟ್–ಅಮೆರಿಕ ಅಂತ ಟಿಕೆಟ್ ಸಿಗುತ್ತದೆ, ಅಗ್ಗವೂ ಇರುತ್ತದೆ. ಆದರೆ ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವುದು ಅವರ ಪಾಲಿಗೆ ಒಂದೇ ದೇಶದೊಳಗೆ ಓಡಾಡಿದ ಹಾಗೆ. ಅದಕ್ಕೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಿಗೆ ಕೊಡುವ ವೀಸಾ ಬೇಕು. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ವೀಸಾ ಮಾತ್ರ ಇದ್ದರೆ ಬೆಂಗಳೂರಿನ ಕೌಂಟರ್‌ನಲ್ಲೇ ತಡೆಯುತ್ತಾರೆ. ಟಿಕೆಟ್ ಮಾರುವಾಗ ಯಾರೂ ಇದನ್ನು ಹೇಳುವುದಿಲ್ಲ. ಒಂದೇ ಕಡೆ ಇಳಿಯುವುದಾದರೂ ಆ ದೇಶದ ರಾಯಭಾರ ಕಚೇರಿಯ ಪುಟದಲ್ಲಿ ಟ್ರಾನ್ಸಿಟ್ ವೀಸಾ (ಬರೀ ವಿಮಾನ ಬದಲಿಸಲು ಬೇಕಾಗುವ ವೀಸಾ) ನಿಯಮ ಓದಿಯೇ ದುಡ್ಡು ಕಟ್ಟಿ.

ಮೂರನೆಯದು, ಅಮೆರಿಕದಲ್ಲಿ ಮೊದಲು ಕಾಲಿಡುವ ಊರು. ಬ್ಯಾಗಿಗೆ ಕೊನೆಯ ಊರಿನ ಚೀಟಿ ಇದ್ದರೂ, ಅಲ್ಲಿ ಮೊದಲು ಇಳಿದ ಕಡೆ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಬೆಲ್ಟ್‌ಗೆ ಕೊಡಬೇಕು. ಆಮೇಲೆ ಮತ್ತೆ ಭದ್ರತಾ ತಪಾಸಣೆ. ಇಪ್ಪತ್ತಮೂರು ಕೆ.ಜಿ.ಯ ಎರಡು ಬ್ಯಾಗ್, ಮಂಡಿ ನೋವು, ನಿದ್ದೆಗೆಟ್ಟ ಕಣ್ಣು. ಬೇಕಾ ಇದು? ಮಗಳು ಡಾಲಸ್‌ನಲ್ಲಿದ್ದರೆ ದುಬೈ ಅಥವಾ ದೋಹಾದಿಂದ ಡಾಲಸ್‌ಗೇ ಹೋಗುವ ವಿಮಾನ ಹಿಡಿಯಿರಿ. ಮಕ್ಕಳು ಸಣ್ಣ ಊರಿನಲ್ಲಿದ್ದರೆ ಅವರೇ ಮೂರ್ನಾಲ್ಕು ಗಂಟೆ ಕಾರು ಓಡಿಸಿಕೊಂಡು ದೊಡ್ಡ ಊರಿಗೆ ಬರಲಿ. ಅಮ್ಮ ಬರುತ್ತಿದ್ದಾರೆ ಅಂದಮೇಲೆ ಅಷ್ಟು ಮಾಡಬೇಕು.

ಅಬುಧಾಬಿಯ ರೀತಿ ಬೇರೆ. 2014ರಿಂದ ಅಲ್ಲಿ ಅಮೆರಿಕದ ಅಧಿಕಾರಿಗಳೇ ಕೂತು ವಲಸೆ ತಪಾಸಣೆ ಮುಗಿಸುತ್ತಾರೆ. ಅಮೆರಿಕದಲ್ಲಿ ಇಳಿದಾಗ ದೇಶದೊಳಗಿನ ಪ್ರಯಾಣಿಕರ ಹಾಗೆ ಸೀದಾ ಹೊರಗೆ ಬರಬಹುದು. ಎರಡನೇ ಸಲ ಹೋಗುವವರಿಗೆ ಇದು ಬಹಳ ಚೆನ್ನ. ಮೊದಲ ಸಲಕ್ಕೆ ನಾನು ಒಪ್ಪುವುದಿಲ್ಲ. ಅಧಿಕಾರಿ ಏನಾದರೂ ಕೇಳಿ ಅಮ್ಮ ತಡವರಿಸಿದರೆ ಮಕ್ಕಳು ಹದಿನಾಲ್ಕು ಗಂಟೆಯ ದೂರದಲ್ಲಿರುತ್ತಾರೆ.

ನಾಲ್ಕನೆಯದು, ಟರ್ಮಿನಲ್ ಬದಲಾವಣೆ ಇರದ ದಾರಿ. ಹೀಥ್ರೂನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಮುಖ್ಯ ನೆಲೆ 5ನೇ ಟರ್ಮಿನಲ್, ವರ್ಜಿನ್‌ನದು 3ನೆಯದು. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗಬೇಕು. ದುಬೈಯಲ್ಲಿ ಎಮಿರೇಟ್ಸ್ 3ನೇ ಟರ್ಮಿನಲ್‌ನಲ್ಲಿದ್ದರೆ 2ನೆಯದು ರನ್‌ವೇಯ ಆಚೆ ಬದಿಗಿದೆ. ದೋಹಾದಲ್ಲಿ ಎಲ್ಲವೂ ಒಂದೇ ಸೂರಿನಡಿ. ಮೊದಲ ಸಲ ಒಬ್ಬರೇ ಹೊರಟವರಿಗೆ ನಾನು ದೋಹಾ ಎಂದೇ ಹೇಳುವುದು. ಕೊಲ್ಲಿಯಲ್ಲಿ ಯುದ್ಧದ ಸುದ್ದಿ ಇರುವ ದಿನಗಳಲ್ಲಿ ಮಾತ್ರ ಫ್ರಾಂಕ್‌ಫರ್ಟ್. ದೋಹಾ ನಿಲ್ದಾಣದ ನಟ್ಟನಡುವೆ ಮನೆಯಷ್ಟು ಎತ್ತರದ ಒಂದು ಹಳದಿ ಕರಡಿ ಗೊಂಬೆ ಕೂತಿದೆ. ಅದರ ಫೋಟೊ ತೋರಿಸಿ, ‘ದಾರಿ ತಪ್ಪಿದರೆ ಈ ಕರಡಿ ಹತ್ತಿರ ಬಂದು ಫೋನ್ ಮಾಡಮ್ಮ’ ಎಂದು ಹೇಳಿಟ್ಟಿರಿ. ಬೋರ್ಡ್ ಓದಲು ಬಾರದವರಿಗೂ ಆ ಕರಡಿ ಸಿಗುತ್ತದೆ.

ಐದನೆಯದು, ನಡುವಿನ ಸಮಯ. ವೆಬ್‌ಸೈಟ್ 1 ಗಂಟೆ 20 ನಿಮಿಷ ತೋರಿಸಿ ‘ಸಾಕು’ ಅನ್ನುತ್ತದೆ. ಬ್ಯಾಗ್ ಎತ್ತಿಕೊಂಡು ಓಡುವ ಹುಡುಗರಿಗೆ ಅದು ಸಾಕು. ಗಾಲಿಕುರ್ಚಿ ಕೇಳಿದವರನ್ನು ಎಲ್ಲರೂ ಇಳಿದ ಮೇಲೆ ಇಳಿಸುತ್ತಾರೆ. ಅಲ್ಲೇ ಅರ್ಧ ಗಂಟೆ ಹೋಯಿತು. ಮೂರರಿಂದ ನಾಲ್ಕು ಗಂಟೆ ಇಡಿ. ಆರು ಗಂಟೆ ದಾಟಿದರೆ ಸುಮ್ನೆ ಸುಸ್ತು.

ಹೆಜ್ಜೆ 3: ಸಹಾಯ ಕೇಳುವುದು

ಟಿಕೆಟ್ ಆದ ದಿನವೇ ಕಂಪನಿಗೆ ಫೋನ್ ಮಾಡಿ ಗಾಲಿಕುರ್ಚಿ ಬರೆಸಿ. ಕೊನೇ ಪಕ್ಷ 48 ಗಂಟೆ ಮುಂಚೆ ಹೇಳಿರಬೇಕು. ಮೆಟ್ಟಿಲು ಹತ್ತಬಲ್ಲರು, ಜಾಸ್ತಿ ದೂರ ನಡೆಯಲಾರರು ಅನ್ನುವವರಿಗೆ ಬೇರೆ ಸಂಕೇತ, ಮೆಟ್ಟಿಲೂ ಹತ್ತಲಾರದವರಿಗೆ ಬೇರೆ. ಇರುವುದನ್ನು ಇದ್ದ ಹಾಗೇ ಹೇಳಿ. ಅಮ್ಮ ಚೆನ್ನಾಗಿ ನಡೆಯುತ್ತಾರೆ, ಭಾಷೆ ಮಾತ್ರ ಬಾರದು ಅಂದರೆ ‘ಮೀಟ್ ಅಂಡ್ ಅಸಿಸ್ಟ್’, ಅಂದರೆ ಜೊತೆಗೆ ಬಂದು ದಾರಿ ತೋರಿಸುವ ಸೇವೆ ಇದೆಯಾ ಕೇಳಿ. ನಡೆಯಬಲ್ಲವರು ಕುರ್ಚಿ ಹಿಡಿದರೆ ನಿಜವಾಗಿ ಬೇಕಾದ ಒಬ್ಬ ಅಜ್ಜ ವಿಮಾನದ ಬಾಗಿಲಲ್ಲಿ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಅಮ್ಮನಿಗೆ ಎರಡು ಮಾತು ಹೇಳಿಕೊಡಿ. ವಿಮಾನ ನಿಂತ ಮೇಲೆ ಸೀಟಿನಿಂದ ಏಳಬಾರದು, ಕರೆಯಲು ಬರುವವರೆಗೆ ಕೂತಿರಬೇಕು. ನಡುವಿನ ಊರಿನಲ್ಲಿ ಕುರ್ಚಿ ತಳ್ಳುವವರು ಒಂದು ಕಡೆ ಕೂರಿಸಿ ಹೋಗುತ್ತಾರೆ, ಹೆದರಬಾರದು. ಆದರೆ ವಿಮಾನಕ್ಕೆ ಒಂದೂವರೆ ಗಂಟೆ ಇದ್ದಾಗಲೂ ಯಾರೂ ಬಾರದಿದ್ದರೆ ಅಲ್ಲಿನ ಸಿಬ್ಬಂದಿಗೆ ಬೋರ್ಡಿಂಗ್ ಪಾಸ್ ತೋರಿಸಬೇಕು. ಈ ಎರಡನೆಯ ಮಾತನ್ನು ಮೂರು ಸಲ ಹೇಳಿ. ನಮ್ಮ ಕಡೆಯ ಹೆಂಗಸರು ‘ಅವರಿಗೆ ತೊಂದರೆ ಯಾಕೆ’ ಅಂತ ಸುಮ್ಮನೆ ಕೂತುಬಿಡುತ್ತಾರೆ.

ಹೆಜ್ಜೆ 4: ಬ್ಯಾಗು

ತಿಪಟೂರಿನವರಾದ್ದರಿಂದ ಮೊದಲು ಇದನ್ನೇ ಹೇಳುತ್ತೇನೆ: ಕೊಬ್ಬರಿ ಗಿಟುಕು ಹಾಕಬೇಡಿ. ಅದರಲ್ಲಿ ಎಣ್ಣೆ ಜಾಸ್ತಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ವಿಮಾನಯಾನದಲ್ಲಿ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ದೊಡ್ಡಮ್ಮ ಎರಡನೇ ಸಲ ಹೊರಟಾಗ ಅವರ ಬ್ಯಾಗ್ ಬಿಚ್ಚಿಸಿದರು. ಸೀರೆಗಳ ನಡುವೆ ಹಳೇ ಟವೆಲ್‌ನಲ್ಲಿ ಸುತ್ತಿಟ್ಟ ಹನ್ನೆರಡು ಗಿಟುಕುಗಳನ್ನು ಒಂದೊಂದಾಗಿ ತೆಗೆದು ಅಲ್ಲೇ ಬಿಟ್ಟು ಬರಬೇಕಾಯಿತು. ಮನೆ ತೋಟದವು. ಟವೆಲ್ ಮಾತ್ರ ಮಡಚಿ ವಾಪಸ್ ಇಟ್ಟುಕೊಂಡರು.

ಗಸಗಸೆ ಇನ್ನೂ ಅಪಾಯ. ದುಬೈ, ಅಬುಧಾಬಿಯಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಲೆಕ್ಕದಲ್ಲಿ ಕೇಸ್ ಆಗುತ್ತದೆ. ಸಿಂಗಪುರದಲ್ಲೂ ಬಿಡುವುದಿಲ್ಲ. ಪಾಯಸಕ್ಕೆ ಅಂತ ಕಟ್ಟಿಕೊಟ್ಟ ಚಿಕ್ಕ ಪೊಟ್ಟಣವನ್ನೂ ತೆಗೆದಿಡಿ. ಹಸಿ ಕರಿಬೇವಿಗೆ ಅಮೆರಿಕದಲ್ಲಿ ಪ್ರವೇಶವಿಲ್ಲ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಚೆಕ್-ಇನ್ ಬ್ಯಾಗಿನಲ್ಲಿ ಇಡುವುದಾದರೆ ಎರಡು ಸುತ್ತು ಕವರ್ ಹಾಕಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಎಮಿರೇಟ್ಸ್ 2025ರ ಅಕ್ಟೋಬರ್‌ನಿಂದ ಒಂದನ್ನು ಮಾತ್ರ ಬಿಡುತ್ತದೆ, ವಿಮಾನದೊಳಗೆ ಬಳಸುವಂತಿಲ್ಲ. ಮಾತ್ರೆಗಳು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿರಲಿ.

ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿಸುವುದು ದಂಡ. ತಪಾಸಣೆಗೆ ಅಂತ ಕತ್ತರಿಸಿದರೆ ಕೊಟ್ಟ ದುಡ್ಡು ಹೋಯಿತು. ಅದರ ಬದಲು ಬ್ಯಾಗಿನ ಹಿಡಿಗೆ ಒಂದು ಹಳೇ ರವಿಕೆ ಬಟ್ಟೆ ಕಟ್ಟಿ, ಬೆಲ್ಟ್ ಮೇಲೆ ಬರುವಾಗ ಅಮ್ಮನಿಗೆ ದೂರದಿಂದಲೇ ಗುರುತು ಸಿಗುತ್ತದೆ. ಕತ್ತಿನ ದಿಂಬು ಕೊಳ್ಳಬೇಡಿ, ಒಂದು ಶಾಲು ಸಾಕು. ಸ್ಪ್ರಿಂಗಿನ ತೂಕದ ಕೊಕ್ಕೆಯನ್ನೂ ನಂಬಬೇಡಿ, ಎರಡು ಕೆ.ಜಿ. ಆಚೀಚೆ ತೋರಿಸುತ್ತದೆ.

ಹೆಜ್ಜೆ 5: ಯಾವ ದಿನ, ಯಾವ ಟರ್ಮಿನಲ್

ಕೊಲ್ಲಿಗೆ, ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟ್‌ನಲ್ಲಿ 15ನೇ ತಾರೀಕು 2.30 ಅಂತಿದ್ದರೆ 14ರ ರಾತ್ರಿಯೇ ಮನೆ ಬಿಡಬೇಕು. 15ರ ರಾತ್ರಿ ಹೋಗಿ ನಿಂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ಯಾಲೆಂಡರ್‌ನಲ್ಲಿ ಮನೆ ಬಿಡುವ ದಿನಕ್ಕೇ ಗುಂಡು ಸುತ್ತಿ.

2023ರ ಸೆಪ್ಟೆಂಬರ್ 12ರಿಂದ ವಿದೇಶದ ವಿಮಾನಗಳೆಲ್ಲ 2ನೇ ಟರ್ಮಿನಲ್‌ನಿಂದ ಹೊರಡುತ್ತವೆ. ಬಿದಿರಿನ ಚಾವಣಿ, ತೂಗುವ ಗಿಡಗಳು ಇರುವುದು ಅದೇ. ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗದಿಂದ ಇಂಡಿಗೋದಲ್ಲಿ ಬರುವವರು ಇಳಿಯುವುದು 1ನೇ ಟರ್ಮಿನಲ್‌ನಲ್ಲಿ. ಎರಡರ ನಡುವೆ ಬಸ್ಸಿದೆ. ಆ ಟಿಕೆಟ್ ಬೇರೆಯಾಗಿದ್ದರೆ ಬ್ಯಾಗ್ ಎತ್ತಿಕೊಂಡು ಹೋಗಬೇಕು, ಐದು ಗಂಟೆಯಾದರೂ ಅಂತರವಿಡಿ. ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್, ಮೆಜೆಸ್ಟಿಕ್‌ನಿಂದ ಬಿಎಂಟಿಸಿಯ ವಾಯು ವಜ್ರ ಕೆಐಎ-9 ಇದೆ. ಒಬ್ಬರೇ ಹೊರಟವರಿಗೆ ಇವು ಕ್ಯಾಬ್‌ಗಿಂತ ವಾಸಿ. ನಾಲ್ಕು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ಎಮಿರೇಟ್ಸ್‌ನ ಎರಡು ಮಹಡಿಯ ಎ380 ಆಗಿದ್ದರಂತೂ ಸಾಲು ಬಹಳ ಉದ್ದ. ಮುಖ ನೋಡಿ ಒಳಗೆ ಬಿಡುವ ಡಿಜಿ ಯಾತ್ರಾ ಆ್ಯಪ್ ಹಾಕಿಸುವ ಗೋಜಿಗೆ ಹೋಗಬೇಡಿ, ಅದು ದೇಶದೊಳಗಿನ ವಿಮಾನಗಳಿಗೆ.

ಹೆಜ್ಜೆ 6: ಒಂದು ಚೀಟಿ

ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಬಾಗಿಲಿನ ಆಚೆ ಅಮ್ಮ ಒಬ್ಬರೇ. ಹಾಗಾಗಿ ಒಂದು ದಪ್ಪ ಕಾಗದ ತಗೊಂಡು ಒಂದು ಬದಿಗೆ ಇಂಗ್ಲಿಷ್‌ನಲ್ಲಿ ಬರೆಯಿರಿ: ಹೆಸರು, ‘ನನಗೆ ಕನ್ನಡ ಮಾತ್ರ ಬರುತ್ತದೆ’, ಎರಡೂ ವಿಮಾನಗಳ ಸಂಖ್ಯೆ, ಹೊರಡುವ ಹೊತ್ತು, ಮಗಳ ಫೋನ್ ನಂಬರ್, ವಿಳಾಸ, ಸಕ್ಕರೆ ಕಾಯಿಲೆ ಇದ್ದರೆ ಅದು. ಇನ್ನೊಂದು ಬದಿಗೆ ಕನ್ನಡದಲ್ಲಿ ಅದನ್ನೇ ದೊಡ್ಡ ಅಕ್ಷರದಲ್ಲಿ. ಗೇಟ್ ನಂಬರ್ ಬರೆಯಬೇಡಿ, ಅದು ಕೊನೆಗಳಿಗೆಯಲ್ಲಿ ಬದಲಾಗುತ್ತದೆ. ಫೋನ್ ಇದೆಯಲ್ಲ ಅನ್ನಬೇಡಿ. ಚಾರ್ಜ್ ಮುಗಿಯುತ್ತದೆ, ಕನ್ನಡಕ ಸಿಗುವುದಿಲ್ಲ. ಚೀಟಿಯನ್ನು ಪಾಸ್‌ಪೋರ್ಟ್ ಜೊತೆ ಕುತ್ತಿಗೆಗೆ ಹಾಕುವ ಚೀಲದಲ್ಲಿಡಿ. ಅದೇ ಚೀಲದಲ್ಲಿ ಇಪ್ಪತ್ತು ಡಾಲರ್ ಚಿಲ್ಲರೆ ನೋಟು.

ಅಮ್ಮ ಒಳಗೆ ಹೋದ ಕೂಡಲೇ ಗಾಡಿ ತೆಗೆಯಬೇಡಿ. ಬ್ಯಾಗ್ ಬಿಚ್ಚಿಸಿ ತೆಗೆಸಿದ ಸಾಮಾನನ್ನು ವಾಪಸ್ ತಗೊಳ್ಳುವವರು ಹೊರಗೆ ಇರಬೇಕು. ದೊಡ್ಡಮ್ಮನ ಗಿಟುಕುಗಳು ಹೋದದ್ದು ನಾವು ಅಷ್ಟು ಹೊತ್ತಿಗೆ ಸಾದಹಳ್ಳಿ ಟೋಲ್ ದಾಟಿದ್ದರಿಂದ. ವಲಸೆ ತಪಾಸಣೆ ಮುಗಿಸಿ ಗೇಟ್ ಹತ್ತಿರ ಕೂತು ಅವರೇ ಫೋನ್ ಮಾಡುವವರೆಗೆ ಅಲ್ಲೇ ಕಾಫಿ ಕುಡಿಯುತ್ತಾ ಇರಿ.