ಲಿಲ್ಲಿ ಅಂತ ಕೇಳಿದೆ, ಈರುಳ್ಳಿಯ ನೆಂಟ ಬಂತು

ಚಿತ್ರದುರ್ಗದ ನಮ್ಮ ಮನೆ ತಾರಸಿಯಲ್ಲಿ ನೈದಿಲೆ ಬೆಳೆಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಎರಡು ವರ್ಷದ ಹಿಂದೆ ಒಂದು ನರ್ಸರಿಗೆ ಹೋಗಿ 'ಲಿಲ್ಲಿ' ಕೇಳಿದೆ. ಐದು ಗಡ್ಡೆ ಕೊಟ್ಟರು. ಟಬ್ಬಿಗೆ ಕೆಸರು ಹಾಕಿ, ಗಡ್ಡೆ ಹೂತು, ಮೇಲೆ ನೀರು ತುಂಬಿದೆ. ಹತ್ತು ದಿನಕ್ಕೆಲ್ಲ ನೀರು ನಾರತೊಡಗಿತು. ಕೈಹಾಕಿದರೆ ಮೂರು ಗಡ್ಡೆ ಲೋಳೆಯಾಗಿದ್ದವು.

ನಮ್ಮತ್ತೆ ಚಳ್ಳಕೆರೆ ಕಡೆಯವರು, ಈರುಳ್ಳಿ ಬೆಳೆದ ಮನೆಯಲ್ಲಿ ಹುಟ್ಟಿದವರು. ಕೊಳೆತದ್ದರಲ್ಲೇ ಒಂದನ್ನು ಅಡ್ಡಕ್ಕೆ ಕೊಯ್ದು ತೋರಿಸಿದರು. ಒಳಗೆ ಪದರದ ಮೇಲೆ ಪದರ. "ಇದು ಈರುಳ್ಳಿ ಜಾತೀದು ಕಣಮ್ಮ. ಬುಡದಲ್ಲಿ ನೀರು ನಿಂತ್ರೆ ಉಳಿಯುತ್ತಾ?" ಅಂದರು.

ಅವರ ಮಾತು ನೂರಕ್ಕೆ ನೂರು ನಿಜ. ನಾನು ತಂದದ್ದು ರೈನ್ ಲಿಲ್ಲಿ. ಈರುಳ್ಳಿಯೂ ಅದೂ ಒಂದೇ ಸಸ್ಯ ಕುಟುಂಬ. ನೈದಿಲೆಗೂ ಇಂಗ್ಲಿಷಿನಲ್ಲಿ ವಾಟರ್ ಲಿಲ್ಲಿ ಅಂತಾರೆ, ಆದರೆ ಅದು ಬೇರೆಯೇ ಕುಟುಂಬ. ನಮ್ಮ ಭಾಷೆಯಲ್ಲೇ ನೈದಿಲೆ ಅಂತ ಕೇಳಿದ್ದರೆ ಮೂರು ಗಡ್ಡೆ ಉಳಿಯುತ್ತಿದ್ದವು, ಅಲ್ವಾ?

ಆಮೇಲೆ ಪರಿಚಯದವರ ತೊಟ್ಟಿಯಿಂದ ನಿಜವಾದ ನೈದಿಲೆ ಗಡ್ಡೆ ತಂದೆ. ಕೊಯ್ದರೆ ಪದರವಿಲ್ಲ, ಒಳಗೆಲ್ಲ ಒಂದೇ ಗಟ್ಟಿ. ಎಲೆಯೂ ಬೇರೆ. ರೈನ್ ಲಿಲ್ಲಿಯದು ಈರುಳ್ಳಿ ಸೊಪ್ಪಿನ ಹಾಗೆ ಉದ್ದ, ಸಣ್ಣ. ನೈದಿಲೆಯದು ದುಂಡಗೆ, ತೊಟ್ಟಿನ ಕಡೆ ಸೀಳಿರುತ್ತದೆ. ಆ ಸೀಳು ತಾವರೆ ಎಲೆಗೆ ಇರುವುದಿಲ್ಲ. ತಾವರೆಯನ್ನೂ ನೈದಿಲೆಯನ್ನೂ ಬೇರೆ ಮಾಡಲು ನಾನು ಮೊದಲು ನೋಡುವುದು ಅದನ್ನೇ.

ಒಂದು ಬುಟ್ಟಿಗೆ ಎರೆಮಣ್ಣು ಹಾಕಿ, ಮೊಳಕೆ ಮೇಲೆ ಕಾಣುವಂತೆ ಗಡ್ಡೆ ಇಟ್ಟೆ. ಮಣ್ಣು ಕದಡದಿರಲಿ ಅಂತ ಮರಳು ಹರಡಿ ನೀರಿಗೆ ಇಳಿಸಿದೆ. ಟಬ್ಬಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಲೇಬೇಕು. ನೆರಳಿನಲ್ಲಿಟ್ಟಾಗ ಬರೀ ಎಲೆ ಬಂತು, ಹೂವಿಲ್ಲ. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟಿದ್ದೇನೆ. ಈಗ ಬೆಳಿಗ್ಗೆ ಅರಳಿದ ಹೂ ಮಧ್ಯಾಹ್ನದ ಮೇಲೆ ಮುಚ್ಚಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ.

ಉಳಿದಿದ್ದ ಎರಡು ಗಡ್ಡೆಯನ್ನು ನೀರು ಬಸಿಯುವ ಕುಂಡಕ್ಕೆ ಹಾಕಿದ್ದೆ. ಮೊದಲ ಮಳೆಯಾಗಿ ನಾಲ್ಕೈದು ದಿನಕ್ಕೆ ಗುಲಾಬಿ ಬಣ್ಣದ ಹೂ ಎದ್ದವು. ಈಗ ಕುಂಡದ ತುಂಬ ಮರಿಗಡ್ಡೆ. ಕೇಳಿದವರಿಗೆ ಕೊಡುತ್ತೇನೆ, ಆದರೆ ಈರುಳ್ಳಿ ಬುಟ್ಟಿ ಹತ್ತಿರ ಇಡಬೇಡಿ ಅಂತ ಹೇಳಿಯೇ ಕೊಡುತ್ತೇನೆ. ನೋಡೋಕೆ ಸಣ್ಣ ಈರುಳ್ಳಿಯೇ, ತಿಂದರೆ ವಿಷ.