ಚರ್ಮದ ಚೀಲ ನಂಬಿ ಕೆಟ್ಟೆ

ಸಕಲೇಶಪುರದ ಮಳೆಗೆ ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಇನ್ನು ಕಬ್ಬಿಣವನ್ನು ಬಿಡುತ್ತಾ? ಗೊತ್ತಿದ್ದೂ ಅಪ್ಪನ ಪಾಯಿಂಟ್ 315 ರೈಫಲ್ಲನ್ನು ಚರ್ಮದ ಚೀಲಕ್ಕೆ ಹಾಕಿ, ಬೀಗ ಜಡಿದು ಮಗಳ ಮನೆಗೆ ಹೋದೆ. ಪುನರ್ವಸುವಿಗೆ ಮುಂಚೆ ಹೋದವನು ಆಶ್ಲೇಷ ಮುಗಿದ ಮೇಲೆ ಬಂದೆ. ಚೀಲ ಬಿಚ್ಚಿದರೆ ನಳಿಗೆಯ ಮೇಲೆ ನನ್ನದೇ ನಾಲ್ಕು ಬೆರಳಿನ ಗುರುತು, ಕೆಂಪಗೆ, ಗೆರೆ ಸಮೇತ! ಬೆವರಿನ ಉಪ್ಪು ಮಾಡಿದ ಕೆಲಸ.

ನಾಚಿಕೆಯಾಯಿತು. ಸೇನೆಯಲ್ಲಿ ಇದೇ ನನ್ನ ಕೆಲಸವಾಗಿತ್ತು. ಆಯುಧ ಇಡುವ ಕೋಣೆಗೆ ಅಲ್ಲಿ ಕೋತ್ ಅನ್ನುತ್ತಾರೆ. ನಮ್ಮ ಕೋತ್‌ನಲ್ಲಿ ಹಳೇ ತ್ರೀ ನಾಟ್ ತ್ರೀ (.303) ರೈಫಲ್ಲುಗಳೂ ಇದ್ದವು. 315 ಕೂಡ ಅದೇ ಲೀ-ಎನ್‌ಫೀಲ್ಡ್ ಅನ್ನುವ ಬ್ರಿಟಿಷ್ ರೈಫಲ್ಲಿನ ಮನೆತನದ್ದು. ತ್ರೀ ನಾಟ್ ತ್ರೀ ಜನಸಾಮಾನ್ಯರಿಗೆ ನಿಷಿದ್ಧ, ಹಾಗಾಗಿ ಬೇರೆ ಅಳತೆಯ ನಳಿಗೆ, ಅಷ್ಟೇ.

ಮೊದಲು ನಳಿಗೆಗೆ ತೋಟೆ ತಳ್ಳುವ ಬೋಲ್ಟ್ ತೆಗೆದು ಖಾಲಿಯಿದೆಯಾ ಅಂತ ಕಣ್ಣಿಟ್ಟು ನೋಡಿದೆ, ಬೆರಳಿಟ್ಟೂ ನೋಡಿದೆ. ತೋಟೆಗಳು ಬೇರೆ ಪೆಟ್ಟಿಗೆಯಲ್ಲೇ ಇರುತ್ತವೆ. ತುಕ್ಕಿಗೆ ಮರಳು ಕಾಗದ ಮುಟ್ಟಿಸಲಿಲ್ಲ, ಉಜ್ಜಿದರೆ ನಳಿಗೆಯ ಕಪ್ಪು ಬಣ್ಣವೂ ಹೋಗುತ್ತದೆ. ತೀರಾ ನಯವಾದ ಸ್ಟೀಲ್ ವುಲ್ಲನ್ನು ಎಣ್ಣೆಯಲ್ಲಿ ಅದ್ದಿ, ಮಗುವಿನ ಬೆನ್ನು ಉಜ್ಜಿದ ಹಾಗೆ ಉಜ್ಜಿದೆ.

ನಳಿಗೆಯ ಒಳಗಿನ ಕಥೆ ಬೇರೆ. ಹಳೇ ಮಿಲಿಟರಿ ತೋಟೆಗಳ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನ ಮಸಾಲೆ ಸುಟ್ಟರೆ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ನಳಿಗೆಯನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗಲ್ಲ ಅಲ್ವಾ? ಅದಕ್ಕೇ ಸೇನೆಯಲ್ಲಿ ಕುದಿಯುವ ನೀರು ಹೊಯ್ಯಿಸುತ್ತಿದ್ದರು. ಬಿಸಿಯಾದ ನಳಿಗೆ ಬೇಗ ಒಣಗುತ್ತದೆ ಕೂಡ. ಆಮೇಲೆ ನಳಿಗೆಯೊಳಗೆ ತೂರಿಸಿ ಎಳೆಯುವ ಪುಲ್‌ಥ್ರೂ ಹಗ್ಗಕ್ಕೆ ನಾಲ್ಕಿಂಚು ಉದ್ದ, ಎರಡಿಂಚು ಅಗಲದ ಚಿಂದಿ ಸಿಕ್ಕಿಸಿ, ಬಿಳಿಯಾಗಿ ಹೊರಬರುವ ತನಕ ಎಳೆಯುವುದು. ಕೊನೆಗೆ ಎಣ್ಣೆಯ ಚಿಂದಿ.

ತುಕ್ಕು ಜಾಸ್ತಿ ಅಡಗುವುದು ಮರದ ಕೆಳಗೆ. ತ್ರೀ ನಾಟ್ ತ್ರೀಯಲ್ಲಿ ನಳಿಗೆಯಡಿಯ ಮುಂದಿನ ಮರ ಕಳಚದೆ ಬಟ್ಟನ್ನು (ಭುಜಕ್ಕೆ ಒತ್ತುವ ಹಿಂದಿನ ಮರ) ಹಿಡಿದಿರುವ ತಿರುಪು ತಿರುಗಿಸಿದರೆ ಮುಂದಿನ ಮರ ಸೀಳುತ್ತದೆ. ಹೊಸ ಹುಡುಗರು ಬೈಗುಳ ತಿನ್ನುತ್ತಿದ್ದದ್ದೇ ಇದಕ್ಕೆ. ನಾನು ಮಳೆಗಾಲಕ್ಕೆ ಮುಂಚೆ ಒಂದೇ ಸಲ ಮರ ಬಿಚ್ಚಿ, ಅಡಿಯ ಕಬ್ಬಿಣಕ್ಕೆ ತೆಳ್ಳಗೆ ಗ್ರೀಸ್ ಬಳಿಯುತ್ತೇನೆ. ಮರಕ್ಕೆ ಅಗಸೆ ಎಣ್ಣೆ, ಅದೂ ಅಂಗೈಯಲ್ಲಿ ಉಜ್ಜುವಷ್ಟೇ. ಅಪ್ಪ ಕೊಬ್ಬರಿ ಎಣ್ಣೆ ಹಾಕುತ್ತಿದ್ದರು. ಬೋಲ್ಟಿನೊಳಗೆ ಅದು ಅಂಟಾಗಿ ಗಟ್ಟಿಯಾಗಿತ್ತು, ಕೆರೆದು ತೆಗೆಯುವಷ್ಟರಲ್ಲಿ ಸಾಕಾಯಿತು.

ಈಗ ಚೀಲ ಇಲ್ಲ. ಚರ್ಮ ತೇವ ಹಿಡಿದು ಕಬ್ಬಿಣಕ್ಕೆ ಕೊಡುತ್ತದೆ, ಸ್ಪಂಜಿನ ಪೆಟ್ಟಿಗೆಯೂ ಹಾಗೇ. ಬೀಗದ ಕಬ್ಬಿಣದ ಬೀರುವಿನಲ್ಲಿ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸುತ್ತೇನೆ, ಎಣ್ಣೆ ಇಳಿದು ಬಟ್ಟಿನ ಮರಕ್ಕೆ ಸೇರಬಾರದಲ್ಲ. ನಳಿಗೆಗೆ ಬಿರಡೆ ಹಾಕಲ್ಲ. ಬೀರುವಿಗೆ ಸಣ್ಣ ಬಲ್ಬ್ ಹಾಕಿ ನೋಡಿದೆ, ಮಳೆ ಬಂದರೆ ಕರೆಂಟೇ ಇರಲ್ಲ. ಈಗ ಸಿಲಿಕಾ ಜೆಲ್ ಇಡುತ್ತೇನೆ. ಬಣ್ಣ ಬದಲಾದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಇಡುವುದು. ತಿಂಗಳಿಗೊಮ್ಮೆ ಬಾಗಿಲು ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ, ಬರಿಗೈ ತಾಗಿಸದೆ.

ತಿಂಗಳುಗಟ್ಟಲೆ ಊರಲ್ಲಿರಲ್ಲ ಅಂದಾಗ ಮಾತ್ರ ನಳಿಗೆಯೊಳಗೂ ಗ್ರೀಸ್. ಅದನ್ನು ಪೂರ್ತಿ ಒರೆಸದೆ ಗುಂಡು ಹಾರಿಸಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಹಾಗಾಗಿ ‘ಒಳಗೆ ಗ್ರೀಸ್ ಇದೆ’ ಅಂತ ರಟ್ಟಿನ ಚೀಟಿ ಬರೆದು ಬೋಲ್ಟಿನ ಹಿಡಿಗೆ ದಾರದಲ್ಲಿ ಕಟ್ಟಿಡುತ್ತೇನೆ.